ಊರ ಕೆರೆ ಹತ್ತಿರ ಜಿಯೋಕ್ಯಾಚ್ ಡಬ್ಬಿ ಇಟ್ಟಿದ್ದೆವು, ಜನ ಮಾಟ ಅಂದುಕೊಂಡರು. ಮತ್ತೆ ಇಡಬಹುದಾ?

ಕೆರೆಏರಿ (ಹಾಸನ)

ಎಲ್ಲರಿಗೂ ನಮಸ್ಕಾರ. ನಾನು ಹಾಸನದವಳು, ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಮಗ ಆರನೇ ಕ್ಲಾಸು. ಒಂದೂವರೆ ವರ್ಷದಿಂದ ನಾವಿಬ್ಬರೂ ಜಿಯೋಕ್ಯಾಚಿಂಗ್ ಮಾಡುತ್ತಿದ್ದೇವೆ.

ಗೊತ್ತಿಲ್ಲದವರಿಗೆ ಎರಡು ಮಾತು. ಯಾರೋ ಒಬ್ಬರು ಒಂದು ಡಬ್ಬಿ ಇಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಜಿಯೋಕ್ಯಾಚಿಂಗ್ ಡಾಟ್ ಕಾಮ್‌ನಲ್ಲಿ ಹಾಕುತ್ತಾರೆ. ಉಳಿದವರು ಫೋನ್ ಹಿಡಿದು ಹುಡುಕಿಕೊಂಡು ಹೋಗುತ್ತಾರೆ. ಸಿಕ್ಕಿದರೆ ಒಳಗಿನ ಪುಸ್ತಕದಲ್ಲಿ ಹೆಸರು, ದಿನಾಂಕ ಬರೆದು ಡಬ್ಬಿಯನ್ನು ಇದ್ದ ಹಾಗೇ ಇಟ್ಟು ಬರಬೇಕು. ಒಳಗೆ ಸಣ್ಣಪುಟ್ಟ ಸಾಮಾನು ಇರುತ್ತೆ. ಒಂದು ತೆಗೆದುಕೊಂಡರೆ ಅಷ್ಟೇ ಬೆಲೆಯ ಇನ್ನೊಂದನ್ನು ಇಡಬೇಕು. ಅಷ್ಟೇ ಆಟ.

ನಮಗೆ ಕಲಿಸಿದ್ದು ನನ್ನ ತಮ್ಮ. ಅವನು ಜರ್ಮನಿಯಲ್ಲಿದ್ದಾನೆ, ಅಲ್ಲಿ ಈ ಹವ್ಯಾಸ ತುಂಬ ಜೋರು. ರಜೆಗೆ ಬಂದಾಗ ಸೋದರಮಾವ ಅಳಿಯ ಇಬ್ಬರೂ ಕೂತು ಆಪ್ ಹಾಕಿಕೊಂಡರು. ಮಗನಿಗೆ ಮೊದಲಿಂದಲೂ ಉಪಗ್ರಹದ ಹುಚ್ಚು. ಸಾಲಗಾಮೆ ರಸ್ತೆಯಲ್ಲಿ ಹೋಗುವಾಗಲೆಲ್ಲ ಇಸ್ರೋದ ಎಂಸಿಎಫ್ (ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರ) ಕಡೆ ಕತ್ತು ತಿರುಗಿಸಿ ಆ ದೊಡ್ಡ ತಟ್ಟೆಗಳನ್ನು ಹುಡುಕುತ್ತಾನೆ. ಜಿಪಿಎಸ್ ಥರ ಜಾಗ ತೋರಿಸುವ ನಮ್ಮ ದೇಶದ ನಾವಿಕ್ ಉಪಗ್ರಹಗಳನ್ನು ನೋಡಿಕೊಳ್ಳುವ ಕೆಲಸ ನಮ್ಮೂರಲ್ಲೂ ನಡೆಯುತ್ತೆ ಅಂತ ಗೊತ್ತಾದ ದಿನ ಅವನು ಊಟ ಸರಿಯಾಗಿ ಮಾಡಲಿಲ್ಲ, ಮಾತೇ ಮಾತು.

ಈಗ ವಿಷಯಕ್ಕೆ ಬರುತ್ತೇನೆ. ಬೇಸಿಗೆ ರಜೆಯಲ್ಲಿ ನಮ್ಮದೇ ಒಂದು ಡಬ್ಬಿ ಇಡೋಣ ಅಂದ. ಆಲೂರು ಕಡೆ ನನ್ನ ತವರು. ಕೆರೆ ಏರಿ ಮೇಲೆ ಅರಳಿಕಟ್ಟೆ ಇದೆ, ಅದರ ಹಿಂದೆ ಬೇರಿನ ಸಂದು. ಅರ್ಧ ಲೀಟರಿನ ಕ್ಲಿಪ್ ಡಬ್ಬಿಗೆ ಹಸಿರು ಟೇಪ್ ಸುತ್ತಿ ಅಲ್ಲಿಟ್ಟೆವು. ಒಳಗೆ ನಾಲ್ಕು ಗೋಲಿ, ಒಂದು ಗೆಜ್ಜೆ, ಮಗ ಹೆಣೆದ ಕೆಂಪು ದಾರದ ಬಳೆ, ಒಂದು ರೂಪಾಯಿ ನಾಣ್ಯ, ಚಿಕ್ಕ ನೋಟ್‌ಬುಕ್ಕು, ಪೆನ್ಸಿಲ್. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಆ ಜಾಗದ ಅಂಕಿಗಳನ್ನು ಮಗ ಚೌಕ ಹಾಕಿ ಚಂದ ಮಾಡಿ ಬರೆದಿದ್ದ.

ಮೂರು ವಾರಕ್ಕೆ ಅತ್ತಿಗೆಯ ಫೋನ್ ಬಂತು. ದನ ಕಟ್ಟಲು ಹೋದ ಹುಡುಗನಿಗೆ ಡಬ್ಬಿ ಸಿಕ್ಕಿದೆ. ತೆರೆದು ನೋಡಿದರೆ ಕೆಂಪು ದಾರ, ಗೆಜ್ಜೆ, ದುಡ್ಡು, ಚೌಕದೊಳಗೆ ಅಂಕಿ. ಅದೂ ನಾಗರಕಲ್ಲು ಇರುವ ಕಟ್ಟೆಯ ಹಿಂದೆ. ಯಾರೋ ಊರಿಗೆ ಮಾಟ ಮಾಡಿಸಿದ್ದಾರೆ ಅಂತ ಜನ ಸೇರಿದರಂತೆ. ಹಿರಿಯರೊಬ್ಬರು ಅದನ್ನು ಕೋಲಿನಲ್ಲಿ ಎತ್ತಿ ಕೆರೆಗೆ ಎಸೆದರು. ಕಾಯಿ ಒಡೆಸಿದರು. ನನ್ನ ತಾಯಿ ಅಲ್ಲೇ ನಿಂತಿದ್ದರು. ಅದು ನಮ್ಮ ಮಗು ಇಟ್ಟಿದ್ದು ಅಂತ ಹೇಳಲು ಅವರಿಗೆ ಬಾಯಿ ಬರಲಿಲ್ಲ. ಎರಡು ರಾತ್ರಿ ನಿದ್ದೆ ಮಾಡಿಲ್ಲ.

ಸೈಟಿನಲ್ಲಿರುವ ಡಬ್ಬಿಯ ಪುಟವನ್ನು ಸದ್ಯಕ್ಕೆ ನಿಲ್ಲಿಸಿಟ್ಟಿದ್ದೇನೆ. ಆಟದ ಹೊರಗಿನವರನ್ನು ಮಗಲ್ ಅಂತಾರೆ, ಅವರ ಕಣ್ಣಿಗೆ ಬೀಳಬಾರದು ಅಂತಲೇ ಎಲ್ಲ ಕಡೆ ಓದಿದ್ದೆ. ಅದನ್ನೇ ಪಾಲಿಸಿದೆವು. ಈಗ ಮಗ ಕೇಳುತ್ತಾನೆ, ‘ಅಮ್ಮ, ನಾವು ತಪ್ಪು ಮಾಡಿದ್ವಾ?’ ನಮ್ಮ ಊರುಗಳಲ್ಲಿ ಈ ಆಟ ಆಡಲು ಆಗುತ್ತಾ? ಡಬ್ಬಿ ಇಟ್ಟವರು ಯಾರಾದರೂ ಇದ್ದರೆ ಹೇಳಿ.

ಬಾಂದುಕಲ್ಲು (ಸಕಲೇಶಪುರ)

ಅಕ್ಕ, ಮೊದಲು ಒಂದು ಮಾತು. ನಿಲ್ಲಿಸಬೇಡಿ.

ನಾನು ಪರವಾನಗಿ ಸರ್ವೆಯರ್. ಪೋಡಿ, ಹದ್ದುಬಸ್ತು ಅಂತ ಊರೂರು ಸುತ್ತುವ ಕೆಲಸ. ಯಾವ ಊರಿನಲ್ಲೇ ಆಗಲಿ, ಗಾಡಿ ನಿಲ್ಲಿಸಿ ಸ್ಟ್ಯಾಂಡ್ ಬಿಚ್ಚಿದರೆ ಐದು ನಿಮಿಷಕ್ಕೆ ಹತ್ತು ಜನ ಬರುತ್ತಾರೆ. ಯಾರ ಜಮೀನು, ಅರ್ಜಿ ಹಾಕಿದ್ದು ಯಾರು, ಪಕ್ಕದವರಿಗೆ ನೋಟಿಸ್ ಕೊಟ್ಟಿದ್ದೀರಾ? ಎಲ್ಲ ಕೇಳುತ್ತಾರೆ. ಕೇಳಬೇಕು ಕೂಡ. ಅವರ ಊರು ಅದು. ಹಾಗಾಗಿ ‘ಯಾರಿಗೂ ಗೊತ್ತಾಗದ ಹಾಗೆ ಇಡಿ’ ಅನ್ನುವ ನಿಯಮ ನಮ್ಮ ಕಡೆ ನಡೆಯಲ್ಲ. ದಾರಿಯಲ್ಲಿ ಹೋಗುವವನನ್ನು ಯಾರೂ ಮಾತಾಡಿಸದ ಊರಿನಲ್ಲಿ ಅದು ಸರಿ. ಇಲ್ಲಿ ಹೊರಗಿನವನೊಬ್ಬ ಫೋನ್ ನೋಡಿಕೊಂಡು ಒಂದೇ ಕಲ್ಲಿನ ಸುತ್ತ ಮೂರು ಸುತ್ತು ಬಂದರೆ ಜನಕ್ಕೆ ಬರುವ ಮೊದಲ ಯೋಚನೆ ನಿಧಿ ಕಳ್ಳ.

ಅದು ಬರೀ ಅನುಮಾನವೂ ಅಲ್ಲ. ನಮ್ಮ ಕಡೆ ಪಾಳು ಗುಡಿಗಳನ್ನು, ವೀರಗಲ್ಲುಗಳನ್ನು ನಿಧಿಗೆ ಅಂತ ಅಗೆದು ಹಾಳು ಮಾಡಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಈ ಆಟವನ್ನು ಕನ್ನಡದಲ್ಲಿ ‘ನಿಧಿ ಹುಡುಕಾಟ’ ಅಂತ ಯಾರಾದರೂ ಬರೆದರೆ ನನಗೆ ಹೆದರಿಕೆ ಆಗುತ್ತೆ. ದಯವಿಟ್ಟು ಆ ಪದ ಬೇಡ. ನಾನು ‘ಡಬ್ಬಿ ಆಟ’ ಅನ್ನುತ್ತೇನೆ. ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ತಿಳಿಯುತ್ತೆ.

ನಿಮ್ಮ ಡಬ್ಬಿಯಲ್ಲಿ ತಪ್ಪಾಗಿದ್ದು ಎರಡು. ಜಾಗ ಮತ್ತು ಸಾಮಾನು. ಅರಳಿಕಟ್ಟೆ, ನಾಗರಕಲ್ಲು, ಗುಡಿ, ಸ್ಮಶಾನ, ಮೂರು ದಾರಿ ಸೇರುವ ಜಾಗ, ಇವು ಬೇಡವೇ ಬೇಡ. ಶಾಲೆ ಕಾಂಪೌಂಡು, ರೈಲು ಹಳಿ, ಸೇತುವೆಯೂ ಬೇಡ. ಬೇಲೂರು, ಹಳೇಬೀಡಿನ ದೇವಸ್ಥಾನದ ಆವರಣ ಪುರಾತತ್ವ ಇಲಾಖೆಯದ್ದು, ಅಲ್ಲಿ ಒಂದು ಚೀಟಿಯನ್ನೂ ಸಿಕ್ಕಿಸಬೇಡಿ. ಜಾಗದವರ ಒಪ್ಪಿಗೆ ಇಲ್ಲದೆ ಅಗೆಯುವುದು ಆಟದ ನಿಯಮಕ್ಕೇ ವಿರುದ್ಧ. ಸಾಮಾನಿನಲ್ಲಿ ದಾರ, ಗೆಜ್ಜೆ, ನಾಣ್ಯ ಬಿಟ್ಟುಬಿಡಿ. ರಬ್ಬರು, ಕೀಚೈನು, ಲೂಡೋ ಕಾಯಿ ಇಡಿ. ತಿನ್ನುವುದು ಯಾವುದೂ ಬೇಡ. ಅದೂ ನಿಯಮವೇ. ಇರುವೆ, ಹೆಗ್ಗಣ ಮೊದಲು ಬರುತ್ತವೆ.

ನನ್ನ ಒಂದು ಡಬ್ಬಿ ನಾಲ್ಕು ವರ್ಷದಿಂದ ಒಂದು ಪಂಚರ್ ಅಂಗಡಿಯ ಪಕ್ಕ ಇದೆ. ಡಬ್ಬಿ ಅಂದರೆ ಕೂಲ್‌ಡ್ರಿಂಕ್ಸ್ ಬಾಟಲನ್ನು ಊದಿ ದೊಡ್ಡದು ಮಾಡುವ ಮೊದಲು ಇರುತ್ತಲ್ಲ, ಆ ದಪ್ಪ ಪ್ಲಾಸ್ಟಿಕ್ ಕೊಳವೆ. ನಮ್ಮ ಮಳೆಗೆ ಅದೇ ಸರಿ. ಕ್ಲಿಪ್ ಡಬ್ಬಿ ಎರಡನೇ ಮಳೆಗಾಲಕ್ಕೆ ಬಾಯಿ ಬಿಡುತ್ತೆ. ಒಳಗೆ ಸುರುಳಿ ಸುತ್ತಿದ ಕಾಗದ, ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣ ಒಂದು. ಪೆನ್ನು ಬೇಡ, ಪೆನ್ಸಿಲ್ ಇಡಿ. ತೇವಕ್ಕೆ ಪೆನ್ನಿನ ಶಾಯಿ ಹರಡಿ ಓದಲು ಬರಲ್ಲ. ಅಂಗಡಿಯಣ್ಣನಿಗೆ ಎಲ್ಲ ಗೊತ್ತು. ಹುಡುಕಲು ಬಂದವರು ಹತ್ತು ನಿಮಿಷ ಒದ್ದಾಡಿದರೂ ಬಾಯಿ ಬಿಡಲ್ಲ, ಕೂತು ನೋಡುತ್ತಾನೆ. ಸಿಕ್ಕಿದ ಮೇಲೆ ಮಾತಾಡಿಸುತ್ತಾನೆ.

ಮೊದಲ ಪುಟದಲ್ಲಿ ನಾನು ಬರೆದಿರುವುದು ಹೀಗೆ. ಬೇಕಾದರೆ ಹಾಗೇ ಇಳಿಸಿಕೊಳ್ಳಿ:

‘ಇದು ಆಟದ ಡಬ್ಬಿ. ಇದರಲ್ಲಿ ಬೆಲೆಬಾಳುವ ವಸ್ತು, ಪೂಜೆಯ ವಸ್ತು ಯಾವುದೂ ಇಲ್ಲ. ಈ ಜಾಗದವರ ಒಪ್ಪಿಗೆ ಪಡೆದು ಇಟ್ಟಿದ್ದೇವೆ. ಅಕಸ್ಮಾತ್ ನಿಮಗೆ ಸಿಕ್ಕಿದರೆ ನಿಮ್ಮ ಹೆಸರನ್ನೂ ಬರೆದು ಇದ್ದಲ್ಲೇ ಇಡಿ. ತೊಂದರೆ ಅನಿಸಿದರೆ ಕೆಳಗಿನ ನಂಬರಿಗೆ ಫೋನ್ ಮಾಡಿ, ನಾವೇ ಬಂದು ತೆಗೆಯುತ್ತೇವೆ.’

ಎರಡನೇ ವಾಕ್ಯ ಮುಖ್ಯ. ಅದಕ್ಕೆ ಕೆಳಗೆ ಗೆರೆ ಎಳೆಯಿರಿ.

ಹೇಮಾವತಿ ನೀರು (ಊರು ಹಾಸನ, ಈಗ ಬೆಂಗಳೂರು)

ಮೇಡಂ, ನಿಮ್ಮ ತಾಯಿಯವರ ವಿಷಯ ಓದಿ ಬೇಜಾರಾಯಿತು.

ಆದರೆ ಸರ್ವೆಯರ್ ಅಣ್ಣನ ಮಾತನ್ನು ನಾನು ಪೂರ್ತಿ ಒಪ್ಪಲ್ಲ. ಎಲ್ಲರಿಗೂ ಹೇಳಿಬಿಟ್ಟರೆ ಆಟದಲ್ಲಿ ಏನು ಉಳಿಯಿತು? ಜನ ಓಡಾಡುವ ಜಾಗದಲ್ಲೇ ಒಂದು ಡಬ್ಬಿ ಇದೆ, ಅದು ನನಗೆ ಮಾತ್ರ ಗೊತ್ತು ಅನ್ನುವ ಖುಷಿಯೇ ನನ್ನನ್ನು ಈ ಆಟಕ್ಕೆ ಎಳೆದದ್ದು.

ಇದು ಶುರುವಾದ ಕತೆ ನಿಮ್ಮ ಮಗನಿಗೆ ಇಷ್ಟವಾಗಬಹುದು. ಮೊದಲು ಅಮೆರಿಕದವರು ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಕೊಡುತ್ತಿದ್ದರು. ಜನಸಾಮಾನ್ಯರಿಗೆ ಸುಮಾರು 100 ಮೀಟರ್ ಆಚೀಚೆ ತೋರಿಸುತ್ತಿತ್ತು. 2000ದ ಮೇ 2ರಂದು ಅದನ್ನು ನಿಲ್ಲಿಸಿದರು. ಮಾರನೇ ದಿನವೇ ಡೇವ್ ಉಲ್ಮರ್ ಅನ್ನುವವರು ಆರೆಗನ್ ರಾಜ್ಯದ ಒಂದು ಕಾಡುದಾರಿಯ ಪಕ್ಕ ಕಪ್ಪು ಬಕೆಟ್ ಇಟ್ಟು, ಜಾಗದ ಅಂಕಿಗಳನ್ನು ಇಂಟರ್ನೆಟ್ಟಿನಲ್ಲಿ ಹಾಕಿದರು. ಆ ಬಕೆಟ್ಟಿನಲ್ಲಿ ಒಂದು ಬೀನ್ಸ್ ಡಬ್ಬಿಯೂ ಇತ್ತು, ಬಕೆಟ್ ಅರ್ಧ ಮಣ್ಣಿನೊಳಗೂ ಇತ್ತು. ಇವತ್ತಿನ ನಿಯಮದಲ್ಲಿ ತಿನ್ನುವುದು ಇಡುವಂತಿಲ್ಲ, ಜಾಗದವರ ಒಪ್ಪಿಗೆ ಇಲ್ಲದೆ ಅಗೆಯುವಂತೆಯೂ ಇಲ್ಲ! ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜಿಯೋಕ್ಯಾಚಿಂಗ್ ಡಾಟ್ ಕಾಮ್ ಬಂತು. ಈಗ ಜಗತ್ತಿನಲ್ಲಿ 30 ಲಕ್ಷಕ್ಕೂ ಜಾಸ್ತಿ ಡಬ್ಬಿಗಳಿವೆ.

ನಾನು ಮಾಡಿದ ಒಂದು ತಪ್ಪನ್ನು ಹೇಳಿಬಿಡುತ್ತೇನೆ, ನೀವು ಮಾಡಬೇಡಿ. ಗೊರೂರು ರಸ್ತೆಯಲ್ಲಿ ಡಬ್ಬಿ ಇಟ್ಟಾಗ ಮ್ಯಾಪ್ ಆಪ್ 13.0050 ಅಂತ ತೋರಿಸಿತು ಅಂದುಕೊಳ್ಳಿ. ಜಿಯೋಕ್ಯಾಚಿಂಗ್‌ನಲ್ಲಿ ಡಿಗ್ರಿ, ಮಿನಿಟು, ಮಿನಿಟಿನ ದಶಮಾಂಶ ಹಾಕಬೇಕು. ನಾನು ಸುಮ್ನೆ 13 ಡಿಗ್ರಿ 00.500 ಮಿನಿಟು ಅಂತ ತುಂಬಿದೆ. ಸರಿಯಾದದ್ದು 00.300. ಡಿಗ್ರಿಯ ದಶಮಾಂಶವನ್ನು 60ರಿಂದ ಗುಣಿಸಬೇಕು. ಆ 0.2 ಮಿನಿಟಿಗೆ 370 ಮೀಟರ್ ವ್ಯತ್ಯಾಸ ಬಂತು. ಮೈಸೂರಿಂದ ಬಂದ ಒಂದು ಸಂಸಾರ ಯಾರದ್ದೋ ಜೋಳದ ಹೊಲದಲ್ಲಿ ಒಂದು ಗಂಟೆ ಹುಡುಕಿ, ಜಮೀನಿನವರ ಹತ್ತಿರ ಬೈಸಿಕೊಂಡು ಹೋಯಿತು. ಡಬ್ಬಿಯ ಪುಟದಲ್ಲಿ ಮೂರು ಡಿಎನ್‌ಎಫ್, ಅಂದರೆ ‘ಹುಡುಕಿದರೂ ಸಿಗಲಿಲ್ಲ’ ಅನ್ನುವ ಬರಹ, ಬಿದ್ದ ಮೇಲೆ ನನಗೆ ತಿಳಿಯಿತು. ಆ ಸಂಸಾರಕ್ಕೆ ಬರೆದು ಕ್ಷಮೆ ಕೇಳಿದೆ.

ಇನ್ನೊಂದು. ಡಬ್ಬಿ ಇಡುವ ಧೈರ್ಯ ಇನ್ನೂ ಬರದಿದ್ದರೆ ಅರ್ಥ್‌ಕ್ಯಾಚ್ ಮಾಡಿ. ಅದರಲ್ಲಿ ಡಬ್ಬಿಯೇ ಇಲ್ಲ. ಒಂದು ಬಂಡೆ ಅಥವಾ ಗುಡ್ಡದ ಹತ್ತಿರ ಜನರನ್ನು ಕರೆಸಿ, ಅಲ್ಲಿನ ಕಲ್ಲಿನ ಬಗ್ಗೆ ಪ್ರಶ್ನೆ ಕೇಳುತ್ತೀರಿ. ಅವರು ನೋಡಿ, ಮುಟ್ಟಿ, ಉತ್ತರವನ್ನು ನಿಮಗೆ ಕಳಿಸುತ್ತಾರೆ. ಜಾಗದವರ ಒಪ್ಪಿಗೆ ಇದಕ್ಕೂ ಬೇಕು. ನೀವು ವಿಜ್ಞಾನದ ಟೀಚರ್, ನಮ್ಮ ಜಿಲ್ಲೆ ಕಲ್ಲಿನ ಪುಸ್ತಕ. ಗೊರೂರಿನ ನೈಸ್ (gneiss) ಅನ್ನುವ ಪಟ್ಟೆ ಪಟ್ಟೆ ಶಿಲೆಗೆ 330 ಕೋಟಿ ವರ್ಷಕ್ಕಿಂತ ಜಾಸ್ತಿ ವಯಸ್ಸು. ಹಳೇಬೀಡಿನ ಶಿಲ್ಪಗಳು ಯಾಕೆ ಅಷ್ಟು ನಾಜೂಕು? ಅದು ಬಳಪದ ಕಲ್ಲು, ಕೆತ್ತಲು ಮೆತ್ತಗೆ. ಚಿಕ್ಕಮಗಳೂರಿಗೆ ಹೋದರೆ ಕೆಮ್ಮಣ್ಣುಗುಂಡಿ. ಹೆಸರಲ್ಲೇ ಮಣ್ಣಿನ ಬಣ್ಣ ಇದೆ. ಭದ್ರಾವತಿ ಕಾರ್ಖಾನೆಗೆ ಕಬ್ಬಿಣದ ಅದಿರು ಹೋಗುತ್ತಿದ್ದದ್ದು ಅಲ್ಲಿಂದಲೇ.

ಹೂಮಳೆ (ಮೂಡಿಗೆರೆ)

ತಂಗಿ, ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ವಯಸ್ಸು ಐವತ್ತೆಂಟು. ಮಗಳು ಶುರು ಮಾಡಿದ್ದ ಡಬ್ಬಿ, ಅವಳು ಮದುವೆಯಾಗಿ ಹೋದ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ.

ನಮ್ಮ ಡಬ್ಬಿ ತೋಟದ ಒಳಗಿಲ್ಲ. ಗೇಟಿನ ಹೊರಗೆ, ಹಾಲಿನ ಕ್ಯಾನು ಇಡುವ ಕಲ್ಲಿನ ಹಿಂದಿದೆ. ಒಳಗೆ ಇಡದಿರಲು ಕಾರಣ ಆನೆ. ನಮ್ಮ ಕಡೆ, ನಿಮ್ಮ ಆಲೂರು ಸಕಲೇಶಪುರದ ಕಡೆ ಅದರ ಕಷ್ಟ ನಿಮಗೂ ಗೊತ್ತು. ಫೋನ್ ನೋಡಿಕೊಂಡು ತಲೆ ತಗ್ಗಿಸಿ ಗಿಡದ ಮಧ್ಯೆ ನಡೆಯುವವರಿಗೆ ಎದುರಿಗೆ ಏನಿದೆ ಅಂತ ಕಾಣಲ್ಲ. ಡಬ್ಬಿಯ ಪುಟದಲ್ಲಿ ಬರೆದಿದ್ದೇನೆ: ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 5ರ ಮೇಲೆ ಬರಬೇಡಿ. ಆನೆ ಇದೆ ಅಂತ ಅರಣ್ಯ ಇಲಾಖೆಯಿಂದ ಮೆಸೇಜ್ ಬಂದ ದಿನ ನಾನೇ ಆಪ್‌ನಲ್ಲಿ ಡಬ್ಬಿಯನ್ನು ನಿಲ್ಲಿಸಿಬಿಡುತ್ತೇನೆ. ಎರಡು ದಿನ ಬಿಟ್ಟು ಮತ್ತೆ ತೆರೆಯುತ್ತೇನೆ.

ಸುಳಿವು ಬರೆಯಲು ಮಗಳು ಒಗಟು ಹಾಕಿದ್ದಳು. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ.’ ಎಲ್ಲರೂ ಮಲ್ಲಿಗೆ ಅಂತಾರೆ. ನಮ್ಮ ಕಡೆಯವರು ಮಾರ್ಚಿನಲ್ಲಿ ಬಂದರೆ ಕಾಫಿ ಅಂತಾರೆ. ಹೂಮಳೆ ಬಿದ್ದು ಒಂದು ವಾರಕ್ಕೆ ಇಡೀ ತೋಟ ಬೆಳ್ಳಗಾಗುತ್ತೆ. ಗೇಟಿನ ಪಕ್ಕದ ಒಂದು ಹಳೇ ಕಾಫಿ ಗಿಡವೇ ಗುರುತು.

ಗುಟ್ಟು ಬೇಕೋ ಬೇಡವೋ ಅಂತ ಮೇಲೆ ಚರ್ಚೆ ನಡೆದಿದೆ. ನಮ್ಮ ಲಾಗ್ ಪುಸ್ತಕದಲ್ಲಿ ಏನಿದೆ ಹೇಳುತ್ತೇನೆ, ಈಗ ಕೈಯಲ್ಲೇ ಇದೆ. ಮೊದಲ ಪುಟದಲ್ಲಿ ಫ್ರಾನ್ಸಿನ ಗಂಡ ಹೆಂಡತಿ, ಟಿಎಫ್‌ಟಿಸಿ ಅಂತ ಬರೆದಿದ್ದಾರೆ. ಡಬ್ಬಿಗೆ ಥ್ಯಾಂಕ್ಸ್ ಅಂತ ಅದರರ್ಥ. ಕೆಳಗೆ ಬೆಂಗಳೂರಿನ ನಾಲ್ಕು ಹುಡುಗರು. ಒಬ್ಬನ ಬೆರಳಿನ ರಕ್ತದ ಗುರುತು ಇದೆ, ಇಂಬಳ ಕಚ್ಚಿತ್ತು. ಮೂರನೇ ಪುಟದಲ್ಲಿ ನಮ್ಮ ತೋಟದ ಕೆಲಸದವರ ಲೈನ್ ಮನೆಯ ಒಂದು ಮಗು ತನ್ನ ಹೆಸರು ಬರೆದು ಪಕ್ಕದಲ್ಲಿ ಆನೆ ಬಿಡಿಸಿದೆ. ಆನೆಗೆ ಐದು ಕಾಲು. ಅದನ್ನು ನೋಡಿ ನಂತರ ಬಂದವರೆಲ್ಲ ಆ ಮಗುವಿಗೆ ಅಂತ ಏನಾದರೂ ಇಟ್ಟು ಹೋಗುತ್ತಾರೆ. ಕ್ರೇಯಾನು, ಶಾರ್ಪನರು. ಒಂದು ಸಲ ಯಾರೋ ಸಾಮಾನನ್ನೆಲ್ಲ ರಸ್ತೆಗೆ ಚೆಲ್ಲಿ ಹೋಗಿದ್ದರು. ಅದೇ ಮಗುವಿನ ಅಮ್ಮ ಎಲ್ಲ ಆರಿಸಿ, ಒರೆಸಿ, ತೋಟದ ಲೆಕ್ಕ ನೋಡುವ ರೈಟರ ಕೈಗೆ ಕೊಟ್ಟಿದ್ದಳು. ಅವಳಿಗೆ ಗೊತ್ತಿಲ್ಲದೇ ಹೋಗಿದ್ದರೆ ಡಬ್ಬಿ ಅವತ್ತೇ ಕಸಕ್ಕೆ ಹೋಗುತ್ತಿತ್ತು.

ನಿಮ್ಮ ತಾಯಿಯನ್ನು ಮೊದಲು ಮಾತಾಡಿಸಿ. ಡಬ್ಬಿ ಆಮೇಲೆ.

ಬಾಂದುಕಲ್ಲು (ಸಕಲೇಶಪುರ)

ಹೇಮಾವತಿ ನೀರು ಅವರೇ, ಲೆಕ್ಕದ ವಿಷಯ ನೂರಕ್ಕೆ ನೂರು ಸರಿ, ಮೊದಲ ಸಲ ಇಡುವವರು ಇಲ್ಲೇ ಎಡವುತ್ತಾರೆ. ಮಿನಿಟಿನ ಮೂರನೇ ದಶಮಾಂಶಕ್ಕೆ 1.85 ಮೀಟರ್ ಅಂತ ನೆನಪಿಟ್ಟುಕೊಂಡರೆ ಸಾಕು. ಮರದ ಕೆಳಗೆ ಫೋನ್ ಹತ್ತು ಹದಿನೈದು ಮೀಟರ್ ಆಚೀಚೆ ತೋರಿಸುತ್ತೆ. ಬೇರೆ ಬೇರೆ ದಿನ ನಾಲ್ಕೈದು ಸಲ ಅಳೆದು ಸರಾಸರಿ ತೆಗೆಯಿರಿ. ಇನ್ನೊಂದು ಡಬ್ಬಿಯಿಂದ 161 ಮೀಟರ್ ದೂರ ಇರಬೇಕು ಅನ್ನುವುದು ನಮ್ಮ ಕಡೆ ಸದ್ಯಕ್ಕೆ ತಲೆನೋವಲ್ಲ. ಡಬ್ಬಿಗಳೇ ಕಡಿಮೆ.

ಗುಟ್ಟಿನ ಬಗ್ಗೆ ಒಂದೇ ಮಾತು. ಹುಡುಕುವವನಿಗೆ ಗುಟ್ಟು ಇರಲಿ. ಆ ಜಾಗದಲ್ಲಿ ಬದುಕುವವನಿಗೆ ಬೇಡ.

ಕೆರೆಏರಿ (ಹಾಸನ)

ಎರಡು ವಾರ ಬರೆಯಲು ಆಗಲಿಲ್ಲ, ಕ್ಷಮಿಸಿ. ನೀವೆಲ್ಲ ಹೇಳಿದ್ದನ್ನು ಮಗ ಮತ್ತು ನಾನು ಓದಿ, ಕಳೆದ ಶನಿವಾರ ಊರಿಗೆ ಹೋದೆವು.

ಮೊದಲು ಅಮ್ಮನ ಹತ್ತಿರ ಕೂತೆ. ‘ಹೇಳಿಬಿಡೋಣ’ ಅಂದರು ಅಷ್ಟೇ. ಸಂಜೆ ಹಾಲಿನ ಡೈರಿಗೆ ಹೋದೆವು. ಊರಿನಲ್ಲಿ ಎಲ್ಲರೂ ಒಟ್ಟಿಗೆ ಸಿಗುವುದು ಅಲ್ಲೇ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತವರ ಮುಂದೆ ಅಮ್ಮನೇ ಮಾತು ತೆಗೆದರು. ‘ಅವತ್ತು ಕಟ್ಟೆ ಹಿಂದೆ ಸಿಕ್ಕಿದ್ದು ನನ್ನ ಮೊಮ್ಮಗ ಇಟ್ಟಿದ್ದು. ಹೆದರಿಕೆಯಲ್ಲಿ ಹೇಳಲಿಲ್ಲ.’ ನನಗೆ ಎದೆ ಹೊಡೆದುಕೊಳ್ಳುತ್ತಿತ್ತು. ಒಬ್ಬಿಬ್ಬರು ಸಿಟ್ಟಾದರು. ಕಟ್ಟೆ ಹತ್ತಿರ ಇಡಬಾರದಿತ್ತು ಅಂದರು. ಸರಿಯಾದ ಮಾತು, ನಾನು ಒಪ್ಪಿಕೊಂಡೆ.

ಡಬ್ಬಿಯನ್ನು ಕೆರೆಗೆ ಎಸೆದ ಹಿರಿಯರೂ ಅಲ್ಲೇ ಇದ್ದರು. ಅವರು ಮಗನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

‘ಅದೇನಪ್ಪ ಆಟ? ಮೇಲಿಂದ ಆ ಉಪಗ್ರಹ ನಮ್ಮ ಡಬ್ಬಿಯನ್ನು ನೋಡುತ್ತಾ?’

‘ಇಲ್ಲ ತಾತ. ಅದು ಏನೂ ನೋಡಲ್ಲ. ತಾನು ಎಲ್ಲಿದ್ದೀನಿ, ಟೈಮ್ ಎಷ್ಟು ಅಂತ ಹೇಳ್ತಾ ಇರುತ್ತೆ. ಕಡಿಮೆ ಅಂದ್ರೂ ನಾಲ್ಕು ಉಪಗ್ರಹದ ಮಾತು ಕೇಳಿಸಿಕೊಂಡು ನಮ್ಮ ಫೋನು ಲೆಕ್ಕ ಹಾಕುತ್ತೆ.’

‘ಹಂಗಾದ್ರೆ ರೇಡಿಯೋ ಇದ್ದಂಗೆ.’

‘ಹೂಂ ತಾತ. ರೇಡಿಯೋನೇ.’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಡೈರಿಯಿಂದ ನಮ್ಮ ಬೇಲಿ ಕಾಣುತ್ತಲ್ಲ, ಅಲ್ಲಿನ ಕಲ್ಲುಕಂಬದ ಬುಡದಲ್ಲಿ ಇಡು, ಅಲ್ಲಿ ಯಾರೂ ಮುಟ್ಟಲ್ಲ, ನಾನು ನೋಡಿಕೊಳ್ತೀನಿ ಅಂದರು.

ಹಳೇ ಪುಟವನ್ನು ಮುಚ್ಚಿ ಹೊಸದಾಗಿ ಕಳಿಸಿದ್ದೇನೆ. ಸೈಟಿನ ಕಡೆಯಿಂದ ಪುಟ ಪರಿಶೀಲಿಸುವವರಿಗೆ ಜಾಗದ ಯಜಮಾನರ ಒಪ್ಪಿಗೆ ಇದೆ ಅಂತ ಬರೆದೆ. ಬಾಂದುಕಲ್ಲು ಅಣ್ಣ ಹೇಳಿದ ಕೊಳವೆ ಹಾಸನದಲ್ಲಿ ಹುಡುಕಿದರೂ ಸಿಗಲಿಲ್ಲ. ಸದ್ಯಕ್ಕೆ ದಪ್ಪ ಗಾಜಿನ ಔಷಧಿ ಬಾಟಲಿಯನ್ನು ಸ್ಟೀಲ್ ಡಬ್ಬಿಯೊಳಗೆ ಇಟ್ಟಿದ್ದೇವೆ. ಮಳೆಗಾಲ ಮುಗಿದ ಮೇಲೆ ಅದರ ಕತೆ ಹೇಳುತ್ತೇನೆ. ಅರ್ಥ್‌ಕ್ಯಾಚ್ ಮಾಡುವ ಆಸೆಯೂ ಬಂದಿದೆ. ಹೇಮಾವತಿ ನೀರು ಅವರೇ, ಗೊರೂರಿನ ಶಿಲೆಯನ್ನು ನೋಡಲು ಯಾವ ಜಾಗ ಒಳ್ಳೆಯದು ಅಂತ ತಿಳಿಸಿ, ಮಕ್ಕಳನ್ನು ಕರೆದುಕೊಂಡು ಹೋಗುವಂತಿರಬೇಕು.

ಇಡುವ ಮೊದಲು ಮಗ ಲಾಗ್ ಪುಸ್ತಕವನ್ನು ಆ ತಾತನ ಕೈಗೆ ಕೊಟ್ಟ. ಪೆನ್ಸಿಲ್ ಹಿಡಿದು ಅವರು ನಿಧಾನವಾಗಿ, ಒಂದೊಂದೇ ಅಕ್ಷರ ಒತ್ತಿ ಹೆಸರು ಬರೆದರು. ತಂದೆಯ ಹೆಸರನ್ನೂ ಬರೆದರು, ಪಹಣಿಯಲ್ಲಿ ಇರುವ ಹಾಗೆ. ಅದರ ಕೆಳಗೆ ಮಗ ಸ್ಕೇಲ್ ಇಟ್ಟು ಒಂದು ಗೆರೆ ಎಳೆದಿದ್ದಾನೆ. ಮೊದಲು ಹುಡುಕಿ ಬಂದವರು ಗೆರೆಯ ಕೆಳಗಿಂದ ಶುರು ಮಾಡಬೇಕಂತೆ.

ಅಣ್ಣ, ಪುಟ ಪ್ರಕಟವಾದ ದಿನ ನಿಮಗೆ ತಿಳಿಸುತ್ತೇನೆ. ಸಕಲೇಶಪುರದಿಂದ ಹತ್ತಿರವೇ ಅಲ್ವಾ, ಬನ್ನಿ. ಡೈರಿ ಸಂಜೆ ಐದೂವರೆಗೆ ತೆರೆಯುತ್ತೆ.